ಮೊದಲ ಚೊಂಬಿನ ಸದ್ದು

ನನ್ನ ತಂಗಿಯ ಸೊಸೆ ಪ್ರಮೀಳಾ ಬಾಣಂತನ ಮಾಡುವ ಕೆಲಸಕ್ಕೆಂದು ದೋಹಾಕ್ಕೆ ಹೊರಟಿದ್ದಾಳೆ. ನಾನು ವರ್ಷಗಟ್ಟಲೆ ಮಾಡಿ ಬಿಟ್ಟುಬಂದ ಕೆಲಸ ಅದು. "ದೊಡ್ಡಮ್ಮಾ, ಅಲ್ಲಿ ಎಂತೆಲ್ಲ ಮಾಡ್ಲಿಕ್ಕುಂಟು, ಸ್ವಲ್ಪ ಹೇಳಿ" ಎಂದಳು. ಹೇಳಲು ಕೂತರೆ ಅವಳ ಫೋನು ಬಡಿದುಕೊಳ್ಳುತ್ತದೆ, ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಬರೆದೇ ಕೊಡುವುದು ವಾಸಿ ಅನಿಸಿತು. ನಾನು ಓದಿದ್ದು ಐದನೆಯ ತನಕ. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ, ಮಾತು ತಿದ್ದಲು ನಾನು ಬಿಟ್ಟಿಲ್ಲ.

ಯಾರು ನನ್ನನ್ನು ಹೊಗಳಿದರು, ಯಾವ ಮನೆಯವರು ಸೀರೆ ಕೊಟ್ಟು ಕಳಿಸಿದರು ಎಂಬುದೆಲ್ಲ ನಿನಗೆ ಬೇಡ ಪ್ರಮೀಳಾ. ಅದರಿಂದ ನಿನ್ನ ಕೈಗೆ ಏನೂ ಹತ್ತುವುದಿಲ್ಲ.

ಮಗಳ ಹೆರಿಗೆಗೆಂದು ದೋಹಾಕ್ಕೆ ಹೋದವಳು ನಾನು. ಅಲ್ಲಿ ಬಿನ್ ಒಮ್ರಾನ್ ಎಂಬ ಬಡಾವಣೆಯಲ್ಲಿ ಬಾಣಂತಿಯರ ಆರೈಕೆಗೆ ಒಂದು ಸಣ್ಣ ಕೇಂದ್ರ ನಡೆಸುತ್ತಿದ್ದ ಶೀಬಾ ಮೇಡಂ ನನ್ನ ಕೈ ನೋಡಿ ಕೆಲಸಕ್ಕೆ ಕರೆದರು. ವೀಸಾವನ್ನೂ ಅವರೇ ಮಾಡಿಸಿದರು. ಶೀಬಾ ಕೇರಳದವರು, ಮೊದಲು ನರ್ಸ್ ಆಗಿದ್ದವರು. ಬೆಳಿಗ್ಗೆ ಕೇಂದ್ರದ ವ್ಯಾನು ನಮ್ಮನ್ನು ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಇಳಿಸುತ್ತಿತ್ತು, ಮಧ್ಯಾಹ್ನ ಕಳೆದ ಮೇಲೆ ಬಂದು ಹೆಕ್ಕಿಕೊಂಡು ಹೋಗುತ್ತಿತ್ತು. ವ್ಯಾನು ಓಡಿಸುವವನು ನಮ್ಮ ಮೂಡಬಿದ್ರೆ ಕಡೆಯ ಹಮೀದ್.

ಬಾಣಂತನ ಎಂದರೆ ಎಣ್ಣೆ ತಿಕ್ಕಿ ನೀರು ಹೊಯ್ಯುವುದು ಎಂದು ಹೊರಗಿನವರು ತಿಳಿದಿದ್ದಾರೆ. ಅದು ಅರ್ಧ ಕೆಲಸ. ಹೆತ್ತವಳಿಂದ ಹೆರಿಗೆ ಏನೇನು ಕಿತ್ತುಕೊಂಡಿದೆ ನೋಡು. ಮಗ್ಗುಲಾಗಿ ಮಲಗುವ ಸುಖ ಹೋಗಿದೆ. ನೋವಿಲ್ಲದೆ ಕೂರುವುದು ಹೋಗಿದೆ. ಬಿಸಿ ಕಾಫಿಯನ್ನು ಬಿಸಿ ಇರುವಾಗಲೇ ಕುಡಿದು ಮುಗಿಸುವುದು ಹೋಗಿದೆ. ಇವನ್ನೆಲ್ಲ ಒಂದೊಂದಾಗಿ ವಾಪಸು ತಂದುಕೊಡುವುದು ನಿನ್ನ ಕೆಲಸ. ನಾಮಕರಣಕ್ಕೆ ಹಾಕುವ ಚಿನ್ನದ ಬಳೆಯಿಂದ ಬಾಣಂತಿ ನಕ್ಕದ್ದನ್ನು ನಾನು ಕಂಡಿಲ್ಲ. ಒಂದು ಒಳ್ಳೆಯ ನಿದ್ದೆಯಿಂದ ನಕ್ಕದ್ದನ್ನು ಕಂಡಿದ್ದೇನೆ.

"ಹೊಟ್ಟೆ ಸಲೀಸಾಗಿ ಹೋಯಿತಾ?" ಎಂದು ಕೇಳಲು ನಾಚಬೇಡ. ಹೊಲಿಗೆ ಬಿದ್ದ ಹೆಂಗಸಿಗೆ ಅದರಷ್ಟು ದೊಡ್ಡ ಭಯ ಬೇರೆ ಇಲ್ಲ. ಒಬ್ಬಳು ಎಂಜಿನಿಯರ್, ದೊಡ್ಡ ಆಫೀಸಿನಲ್ಲಿ ಗಂಡಸರಿಗೆ ಹುಕುಂ ಮಾಡುವವಳು. ದಿನಗಟ್ಟಲೆ ಒದ್ದಾಡಿ, ಕಡೆಗೆ ನಾನು ಕೊಟ್ಟ ಒಣದ್ರಾಕ್ಷಿ ನೀರು ಕೆಲಸ ಮಾಡಿತು. ಪಾಯಿಖಾನೆಯ ಬಾಗಿಲು ತೆರೆದು "ಅಕ್ಕಾ, ಆಯ್ತು!" ಎಂದು ಕೂಗಿದಳು. ಮಗು ನೋಡಲು ಬಂದ ಗಂಡನ ಮ್ಯಾನೇಜರು ಹೊರಗೆ ಸೋಫಾದಲ್ಲಿ ಕೂತಿದ್ದರು. ಅವರಿಗೆ ಏನು ಆಯಿತೆಂದು ತಿಳಿಯದೆ "ಕಂಗ್ರಾಜುಲೇಶನ್ಸ್" ಎಂದರು. ಅಂಥ ಸಂತೋಷ ಆ ಹುಡುಗಿಯ ಮುಖದಲ್ಲಿ ಮಗು ಹುಟ್ಟಿದ ದಿನದ ಫೋಟೋದಲ್ಲಿಯೂ ಇರಲಿಲ್ಲ.

ಈಗ ಚೊಂಬಿನ ಸದ್ದಿನ ವಿಷಯ. ಊರಿನಿಂದ ಒಂದು ತಾಮ್ರದ ಚೊಂಬು ಒಯ್ದಿದ್ದೆ. ನೀನೂ ಒಯ್ಯಿ, ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ಒಂದೇ ಧಾರೆಯಲ್ಲಿ ಬೀಳುವುದಿಲ್ಲ. ಎಣ್ಣೆ ತಿಕ್ಕಿ, ಸ್ಟೂಲಿನ ಮೇಲೆ ಕೂರಿಸಿ, ಹದವಾದ ಬಿಸಿನೀರನ್ನು ಮೊದಲ ಚೊಂಬು ಬೆನ್ನಿಗೆ ಹೊಯ್ದಾಗ ಬಾಣಂತಿಯ ಬಾಯಿಂದ ಒಂದು ಸದ್ದು ಬರುತ್ತದೆ. "ಹಾ" ಎಂದು. ಅದು ಮಾತಲ್ಲ. ಕೊಂಕಣಿಯವಳಿರಲಿ, ಮೈಸೂರಿನವಳಿರಲಿ, ಇಂಗ್ಲಿಷಿನಲ್ಲೇ ಉಸಿರಾಡುವವಳಿರಲಿ, ಆ ಸದ್ದು ಒಂದೇ. ಹೊತ್ತ ಹೊರೆ ಇಳಿಸಿದ ಹಾಗೆ. ಆ ಸದ್ದು ಬಂತೆಂದರೆ ಹೆಂಗಸು ಒಳಗೆ ಸರಿಯಾಗಿದ್ದಾಳೆ ಎಂದು ನಾನು ತಿಳಿಯುತ್ತಿದ್ದೆ.

ನೀರಿನ ವಿಷಯ ಬಂತಲ್ಲ, ಇದನ್ನು ತಲೆಯಲ್ಲಿಟ್ಟುಕೋ. ನಾನು ಕೆಲಸ ಹಿಡಿದದ್ದು ಚಳಿಗಾಲದಲ್ಲಿ. ಕೆಂಪು ಗುರುತಿನ ನಲ್ಲಿಯಲ್ಲಿ ಬಿಸಿ, ನೀಲಿ ಗುರುತಿನದರಲ್ಲಿ ತಣ್ಣೀರು, ಎಲ್ಲ ಕಡೆಯ ಹಾಗೆ. ಬೇಸಿಗೆ ಬಂತು. ಒಂದು ದಿನ ಮಗುವಿನ ಸ್ನಾನಕ್ಕೆ ಬಕೆಟ್ಟಿನಲ್ಲಿ ನೀರು ಬೆರೆಸುತ್ತಿದ್ದೆ. ಮೊಣಕೈ ಅದ್ದಿ ನೋಡಿದರೆ ಬಿಸಿ ಜಾಸ್ತಿ. ನೀಲಿ ನಲ್ಲಿ ತಿರುಗಿಸಿದೆ. ಇನ್ನೂ ಬಿಸಿ. ಮತ್ತಷ್ಟು ಬಿಟ್ಟೆ. ಈ ಸಲ ಮೊಣಕೈ ಚುರ್ ಎಂದಿತು. ಮಗುವನ್ನು ಹಿಡಿದು ನಿಂತಿದ್ದ ತಾಯಿಗೆ "ಹಿಂದೆ ಹೋಗು, ಹಿಂದೆ ಹೋಗು!" ಎಂದು ಕಿರುಚಿದೆ.

"ಅಯ್ಯೋ, ನಿಮಗೆ ಗೊತ್ತಿಲ್ವಾ ಕಲ್ಯಾಣಕ್ಕ? ಬೇಸಿಗೆಯಲ್ಲಿ ಇಲ್ಲಿ ಎಲ್ಲ ಉಲ್ಟಾ" ಎಂದಳು ಅವಳು.

ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕುದಿದು ನೀಲಿ ನಲ್ಲಿಗೆ ಇಳಿಯುತ್ತದೆ. ಬಚ್ಚಲಿನ ಗೀಸರು ಮನೆಯೊಳಗೆ ಎಸಿಯ ತಂಪಿನಲ್ಲಿರುತ್ತದೆ. ಅದರ ಸ್ವಿಚ್ಚು ಆರಿಸಿಟ್ಟರೆ ಅದರೊಳಗಿನ ನೀರೇ ತಣ್ಣಗಾಗಿ ಕೆಂಪು ನಲ್ಲಿಯಲ್ಲಿ ಬರುತ್ತದೆ. ಅಂದರೆ ಬೇಸಿಗೆಯಲ್ಲಿ ನೀಲಿ ಬೆಂಕಿ, ಕೆಂಪು ತಂಪು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದವರಿಗೆ ಹೇಳಬೇಕೆಂದು ಹೊಳೆಯುವುದಿಲ್ಲ. ಮಗುವಿಗೆ ಏನೂ ಆಗಲಿಲ್ಲ, ನನ್ನ ಮೊಣಕೈ ಮಾತ್ರ ಕೆಲವು ದಿನ ಕೆಂಪಾಗಿತ್ತು. ಆ ದಿನ ವ್ಯಾನು ಹತ್ತಿ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಹಮೀದ್ ದಾರಿಯಲ್ಲಿ ಚಹಾದ ಅಂಗಡಿಯೆದುರು ನಿಲ್ಲಿಸಿ ಹಾರ್ನ್ ಹೊಡೆದ. ಅಲ್ಲಿ ಇಳಿಯಬೇಕಾಗಿಲ್ಲ, ಕಾರಿನ ಕಿಟಕಿಗೇ ಕರಕ್ ಚಹಾ ಬರುತ್ತದೆ, ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸಿದ್ದು.

"ಕುಡೀರಿ ಕಲ್ಯಾಣಕ್ಕ. ಮಗು ಹುಷಾರುಂಟಲ್ಲ? ಮತ್ತೆ ಎಂತದು ಅಳುವುದು?"

"ಅಳುವುದಿಲ್ಲ ಮಾರಾಯ, ಬೆವರು."

"ಎಸಿ ಫುಲ್ ಉಂಟು, ಬೆವರು ಎಲ್ಲಿಂದ?"

ಆವತ್ತಿನಿಂದ ದಿನಾ ಕೆಲಸ ಮುಗಿದ ಮೇಲೆ ಅಲ್ಲಿ ಹಾರ್ನ್ ಹೊಡೆಯುವುದು ನಮ್ಮ ರೂಢಿಯಾಯಿತು. ದೋಹಾದಲ್ಲಿ ಎತ್ತರದ ಕಟ್ಟಡ ಎಷ್ಟೋ ಇವೆ, ಸಮುದ್ರದ ದಂಡೆ ಇದೆ. ನನಗೆ ನೆನಪಾಗುವುದು ಮಾತ್ರ ವ್ಯಾನಿನ ಕಿಟಕಿಯಿಂದ ಒಳಗೆ ಬರುವ ಆ ಕಾಗದದ ಲೋಟ.

ಇನ್ನೊಂದು ಪ್ರಮಾದ ಧೂಪದ್ದು. ಮಗುವಿನ ತಲೆ ಒಣಗಲು ಲೋಬಾನದ ಹೊಗೆ ಕೊಡುವುದು ನಮ್ಮ ಕ್ರಮ ಅಲ್ಲವಾ? ಹೊಸ ಕಟ್ಟಡದ ಒಂದು ಮನೆಯಲ್ಲಿ ತೆಂಗಿನ ಗೆರಟೆ ಸುಟ್ಟು ಕೆಂಡ ಮಾಡಿ ಲೋಬಾನ ಉದುರಿಸಿದೆ. ಮೇಲೆ ಚಾವಣಿಯಲ್ಲಿ ಬಟ್ಟಲಿನಂಥದ್ದು ಅಂಟಿಸಿದ್ದು ಯಾಕೆಂದು ನಾನು ಕೇಳಿರಲಿಲ್ಲ. ಹೊಗೆ ತಾಗಿದರೆ ಕೂಗುವ ಯಂತ್ರವಂತೆ ಅದು, ಕಟ್ಟಡಕ್ಕೆ ಕಟ್ಟಡವೇ ಕೂಗತೊಡಗಿತು. ಜನ ಮೆಟ್ಟಿಲಿಳಿದು ಬೀದಿಗೆ ಓಡಿದರು. ಅರ್ಧ ಗಡ್ಡ ಹೆರೆದು ಅರ್ಧ ಸಾಬೂನು ನೊರೆಯಿದ್ದ ಒಬ್ಬರು ನನ್ನ ಪಕ್ಕದಲ್ಲೇ ನಿಂತು "ಎಲ್ಲಿ ಬೆಂಕಿ, ಎಲ್ಲಿ ಬೆಂಕಿ" ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ನಾನು ಮಗುವನ್ನು ಎತ್ತಿಕೊಂಡು ನನಗೇನೂ ತಿಳಿಯದ ಹಾಗೆ ನಿಂತಿದ್ದೆ. ಮಗುವಿನ ತಲೆಯಿಂದ ಲೋಬಾನದ ಪರಿಮಳ ಬರುತ್ತಿತ್ತು, ಅದು ನನ್ನನ್ನು ಹಿಡಿದುಕೊಟ್ಟಿತು. ಕಟ್ಟಡದ ಕಾವಲುಗಾರ ಕೈ ಮುಗಿದು, "ಅಮ್ಮಾ, ಧೂಪ ಖಲಾಸ್! ಇನ್ನು ಮಾಫಿ ಧೂಪ!" ಎಂದ. ಖಲಾಸ್ ಎಂದರೆ ಮುಗಿಯಿತು, ಮಾಫಿ ಎಂದರೆ ಇಲ್ಲ. ಶೀಬಾ ಮಲಯಾಳದಲ್ಲಿ ಬೈದರು. ನಾನು ತುಳುವಿನಲ್ಲಿ ಉತ್ತರ ಕೊಟ್ಟೆ. ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು.

ಶೀಬಾ ಒಳ್ಳೆಯ ಬಾಯಿಯವರಲ್ಲ. ಆದರೆ ನ್ಯಾಯ ಇತ್ತು. ನಾನು ಊರಿನಿಂದ ಕಲಿತು ತಂದದ್ದರಲ್ಲಿ ಎಷ್ಟನ್ನೋ ಅವರು ಬಿಡಿಸಿದರು. ಮಗುವಿನ ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ಮೂಗು ಉದ್ದವಾಗಲೆಂದು ಎಳೆಯುವುದು, ಬೊಬ್ಬೆ ಏಳುವಷ್ಟು ಬಿಸಿನೀರು ಹೊಯ್ಯುವುದು, ಬಾಣಂತಿಗೆ ಕುಡಿಯುವ ನೀರನ್ನೇ ಅಳೆದು ಕೊಡುವುದು. ಒಂದೊಂದಕ್ಕೂ ನಾನು ಜಗಳ ಮಾಡಿದ್ದೇನೆ. "ನಾವೆಲ್ಲ ಹೀಗೇ ಬೆಳೆದದ್ದಲ್ವಾ?" ಎಂದರೆ, "ಬೆಳೆಯದವರು ಬಂದು ಹೇಳುವುದಿಲ್ಲ ಕಲ್ಯಾಣೀ" ಎನ್ನುತ್ತಿದ್ದರು.

ಇಷ್ಟು ಪೀಠಿಕೆ ಸಾಕು. ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಸಹನಾಳ ವಿಷಯ.

ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದಲ್ಲಿ ಮನೆ. ಸಹನಾ ಮೈಸೂರಿನವಳು, ಅಲ್ಲಿ ಯಾವುದೋ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಗಂಡ ರಘು, ಬೆಂಗಳೂರಿನವನು, ಮೆತ್ತಗಿನ ಮನುಷ್ಯ. ಚೊಚ್ಚಲ ಮಗು, ಹೆಣ್ಣು. ಬಾಣಂತನಕ್ಕೆ ಬರಬೇಕಾಗಿದ್ದ ಸಹನಾಳ ತಾಯಿ ವಿಶಾಲಮ್ಮನವರಿಗೆ ಅದೇ ಹೊತ್ತಿಗೆ ಮೊಣಕಾಲಿನ ಆಪರೇಷನ್. ಅವರು ಮೈಸೂರಿನಲ್ಲಿ ಮಂಚದ ಮೇಲೆ, ಮಗಳು ಇಲ್ಲಿ ಮಂಚದ ಮೇಲೆ. ಆದರೂ ಅವರು ಬಾರದೆ ಇರಲಿಲ್ಲ. ದಿನಾ ವಿಡಿಯೋ ಕಾಲಿನಲ್ಲಿ ಬರುತ್ತಿದ್ದರು. ಅಡುಗೆಮನೆಯ ಮಸಾಲೆ ಡಬ್ಬಿಗೆ ಒರಗಿಸಿದ ಫೋನಿನಿಂದ ನನ್ನ ಸೌಟನ್ನೇ ನೋಡುತ್ತಿದ್ದರು.

"ಏನ್ರೀ ಕಲ್ಯಾಣಮ್ಮ, ಮೆಣಸಿನ ಸಾರಿಗೆ ಬೆಳ್ಳುಳ್ಳಿ ಹಾಕಿದ್ರಾ?"

"ಹಾಕಿದೆ."

"ಕಾಣಿಸ್ಲಿಲ್ವಲ್ಲ?"

"ನಿಮ್ಮ ಫೋನಿಗೆ ಬೆಳ್ಳುಳ್ಳಿ ಕಾಣುವುದಿಲ್ಲ ಅಮ್ಮಾ, ವಾಸನೆ ಬರುವುದಿದ್ದರೆ ಗೊತ್ತಾಗ್ತಿತ್ತು."

ಅವರ ಕಾಯಿದೆ ಉದ್ದ ಇತ್ತು. ಮೊಸರು ಮುಟ್ಟಬಾರದು. ಹಣ್ಣು ಬೇಡ. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ. ಒಲೆಯ ಹತ್ತಿರ ಹೋಗಬಾರದು. ಎಲ್ಲಕ್ಕಿಂತ ಮುಖ್ಯ, ಎಸಿ ಹಾಕಬಾರದು, ಶೀತವಾಗುತ್ತದೆ. ತಿಂಗಳು ಜುಲೈ. ಹೊರಗೆ ಕಾಲಿಟ್ಟರೆ ಒಲೆಯ ಬಾಯಿ. ಎಸಿ ಆರಿಸಿದ ಕೋಣೆಯಲ್ಲಿ ಆ ಹುಡುಗಿ ಕಿವಿಗೆ ಹತ್ತಿ ಇಟ್ಟುಕೊಂಡು ಬೇಯುತ್ತಿದ್ದಳು. ನಮ್ಮ ಕಡೆ ಮಳೆಗಾಲದಲ್ಲಿ ಬಾಣಂತಿ ಕೋಣೆಗೆ ಕೆಂಡ ಇಡುತ್ತಿದ್ದರು, ಆ ಥಂಡಿಗೆ ಅದು ಸರಿ. ಬಿಸಿಲಿನ ದೇಶಕ್ಕೆ ಥಂಡಿಯ ಕಟ್ಟುಪಾಡು ಹೊತ್ತು ತರುವವರು ನಾವು ಮಾತ್ರ. ಎಸಿ ಹಾಕಿ, ಗಾಳಿ ನೇರ ಮೈಗೆ ಹೊಡೆಯದಿದ್ದರೆ ಸಾಕು ಎಂದು ಶೀಬಾ ಕಲಿಸಿದ್ದರು. ನಾನು ಹೋದ ಮೊದಲ ದಿನವೇ ಹಾಕಿಸಿದೆ. ವಿಶಾಲಮ್ಮ ಫೋನಿನಲ್ಲಿ ಕೂಗಾಡಿದರು. "ನಾಳೆ ನೆಗಡಿ ಬಂದ್ರೆ ನೀವೇ ಜವಾಬ್ದಾರಿ" ಎಂದರು. "ಆಯ್ತು, ನಾನೇ" ಎಂದೆ.

ಸಹನಾ ಇದಕ್ಕೆ ಏನೂ ಹೇಳಲಿಲ್ಲ. ಎಸಿ ಹಾಕಿದಾಗಲೂ ಇಲ್ಲ, ಇಲ್ಲದಾಗಲೂ ಇಲ್ಲ. ಕೊಟ್ಟದ್ದು ತಿಂದಳು, ಎರಡು ತುತ್ತು. ಮಗುವನ್ನು ಮಡಿಲಿಗೆ ಕೊಟ್ಟರೆ ಹಾಲು ಕುಡಿಸಿ, ಮುಗಿದ ಮೇಲೆ ಬೇರೆಯವರ ಚೀಲ ಹಿಡಿದುಕೊಂಡವಳ ಹಾಗೆ ವಾಪಸು ಚಾಚುತ್ತಿದ್ದಳು. ಮಗು ಮಲಗಿದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಓದಿದವಳು, ಸ್ವಲ್ಪ ಜಂಬ ಇರಬೇಕು ಎಂದುಕೊಂಡೆ. ಬಾಣಂತಿಯರನ್ನು ನಾನು ಮೊದಲ ದಿನ ನೀವು ಎನ್ನುತ್ತೇನೆ, ಎಣ್ಣೆ ತಿಕ್ಕಿದ ಮೇಲೆ ನೀನು ಎಂದಾಗುತ್ತದೆ. ಇವಳ ಹತ್ತಿರ ವಾರ ಕಳೆದರೂ ನೀವೇ ಉಳಿಯಿತು.

ಮತ್ತೆ ಆ ಸದ್ದು. ಮೊದಲ ಚೊಂಬು ಹೊಯ್ದೆ, ಬರಲಿಲ್ಲ. ನೀರಿನ ಹದ ಸರಿಯಿಲ್ಲವೇನೋ ಎಂದು ಮರುದಿನ ಇನ್ನೂ ಜಾಗ್ರತೆಯಿಂದ ಬೆರೆಸಿ ಹೊಯ್ದೆ. ಆವತ್ತೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಗೋಡೆಗೆ ನೀರು ಹೊಯ್ದ ಹಾಗೆ. ಇಷ್ಟು ಮನೆಗಳಲ್ಲಿ ಇಷ್ಟು ಬೆನ್ನುಗಳಿಗೆ ನೀರು ಹೊಯ್ದವಳು ನಾನು, ಇಂಥದ್ದು ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಸ್ನಾನವಾದ ಮೇಲೆ ತಲೆ ಒರೆಸುತ್ತಿದ್ದೆ. ಅವಳು ನೆಲ ನೋಡುತ್ತ ಸಲೀಸಾಗಿ ಕೇಳಿದಳು:

"ಕಲ್ಯಾಣಮ್ಮ, ಇದನ್ನ ಯಾರಿಗಾದ್ರೂ ಕೊಟ್ಬಿಟ್ರೆ ಆಗಲ್ವಾ?"

"ಯಾವುದನ್ನು?"

ಗಲ್ಲ ಎತ್ತಿ ಮಗುವಿನ ಕಡೆ ತೋರಿಸಿದಳು. "ಇದಕ್ಕೆ ನಾನು ಸರಿಹೋಗಲ್ಲ. ಯಾರಾದ್ರೂ ಚೆನ್ನಾಗಿ ನೋಡ್ಕೊಳ್ಳೋರು ಇದ್ರೆ... ನಾನು ಇಲ್ದೇ ಇದ್ರೂ ನಡೆಯತ್ತೆ."

ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅಂಗಡಿಯಲ್ಲಿ ತಂದ ವಸ್ತು ಬದಲಾಯಿಸಲು ಕೇಳುವ ಹಾಗೆ ಕೇಳಿದಳು. ಕಡೆಯ ಮಾತಿಗೆ ನಾನು ತಲೆ ಒರೆಸುವ ಬಟ್ಟೆ ಕೆಳಗಿಟ್ಟೆ.

ನನ್ನ ಬಾಯಿ ನಿನಗೆ ಗೊತ್ತುಂಟಲ್ಲ. "ಎಂತ ಮಾತಾಡುವುದು, ಎಷ್ಟು ಜನ ಮಗು ಬೇಕು ಅಂತ ದೇವಸ್ಥಾನ ಸುತ್ತುತ್ತಾರೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದ್ದು ನನ್ನ ವೃತ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ. ಅವಳನ್ನು ಮಂಚದಲ್ಲಿ ಕೂರಿಸಿ, ಕೋಣೆಯ ಬಾಗಿಲು ತೆರೆದೇ ಇಟ್ಟು, ಅವಳ ಮೇಲೆ ಒಂದು ಕಣ್ಣಿಟ್ಟು ಶೀಬಾಗೆ ಫೋನು ಮಾಡಿದೆ.

ಶೀಬಾ ಆ ದಿನ ಬೈಯಲಿಲ್ಲ. "ಇದು ಕಾಯಿಲೆ ಕಲ್ಯಾಣೀ, ಸೊಕ್ಕಲ್ಲ. ಹೆತ್ತವರಲ್ಲಿ ಕೆಲವರಿಗೆ ಬರುತ್ತದೆ, ಮದ್ದಿಗೆ ಹೋಗುತ್ತದೆ. ಈಗಲೇ ಆಸ್ಪತ್ರೆಗೆ ಹೋಗಬೇಕು. ಅವಳನ್ನು ಒಬ್ಬಳೇ ಬಿಡಬೇಡ. ಬುದ್ಧಿ ಹೇಳಬೇಡ. ಗಂಡನನ್ನು ಕರೆಸು" ಎಂದರು.

ರಘು ಆಫೀಸಿನಿಂದ ಓಡಿ ಬಂದ. ಎಲ್ಲ ಕೇಳಿ ಬಿಳಿಚಿಕೊಂಡ. ಆದರೂ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡ.

"ಕಲ್ಯಾಣಮ್ಮ, ಎರಡು ದಿನ ನೋಡೋಣ್ವಾ? ಮನಸ್ಸಿನ ಡಾಕ್ಟ್ರು ಅಂದ್ರೆ... ನಮ್ ಕನ್ನಡ ಸಂಘದವ್ರು ಎಲ್ಲ ಇಲ್ಲೇ ಸುತ್ತಮುತ್ತ ಇರೋದು. ಆಮೇಲೆ ಅತ್ತೆಗೆ ಏನಂತ ಹೇಳ್ಲಿ?"

"ಅತ್ತೆಗೆ ಮೊಣಕಾಲು ಹೋದಾಗ ಡಾಕ್ಟರ ಹತ್ತಿರ ಹೋದರಾ, ಸಂಘದವರನ್ನು ಕೇಳಿದರಾ?"

"ಹಾಗಲ್ಲ..."

"ಹಾಗೇ. ನಿಮ್ಮ ಸಂಘದವರು ನಾಳೆ ಬಂದು ಇವಳ ಹತ್ತಿರ ಕೂರುತ್ತಾರಾ? ಇಲ್ಲ ಅಲ್ವಾ? ಯಲ್ಲಾ, ಹೊರಡಿ, ಕಾರು ತೆಗೀರಿ."

ತೆಗೆದ. ಹಿಂದಿನ ಸೀಟಿನಲ್ಲಿ ಮಗು ನನ್ನ ಪಕ್ಕದ ಬುಟ್ಟಿಯಲ್ಲಿ, ಇನ್ನೊಂದು ಪಕ್ಕ ಸಹನಾ. ಅವಳ ಮಣಿಕಟ್ಟು ದಾರಿಯುದ್ದಕ್ಕೂ ನನ್ನ ಕೈಯಲ್ಲಿತ್ತು. ಬಿಡು ಎಂದೂ ಅನ್ನಲಿಲ್ಲ, ಹಿಡಿದದ್ದು ಗೊತ್ತಾದ ಹಾಗೂ ತೋರಲಿಲ್ಲ.

ಡಾಕ್ಟರಮ್ಮ ಅವಳನ್ನು ಒಳಗೆ ಕರೆದು ತುಂಬಾ ಹೊತ್ತು ಮಾತಾಡಿದರು. ಹೊರಗೆ ಬಂದ ಮೇಲೆ ನಮ್ಮಿಬ್ಬರಿಗೂ ಹೇಳಿದರು. ಮಾತ್ರೆ ಕೊಟ್ಟಿದೆ, ಹಾಲು ಕುಡಿಸಬಹುದು, ತಕ್ಷಣ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು. ಮನೆಯಲ್ಲಿ ಸದಾ ಯಾರಾದರೂ ಇರಬೇಕು. ಎಲ್ಲಕ್ಕಿಂತ ಮೊದಲು ನಿದ್ದೆ. ನಾನು ಕೇಳಿದೆ, "ಪಥ್ಯ ಏನು?" ಅವರು ನಕ್ಕರು. "ಬಾಯಿಗೆ ಬೇಕೆನಿಸಿದ್ದನ್ನು ತಿನ್ನಲಿ. ಹಸಿವು ಶುರುವಾದ ದಿನ ನನಗೂ ತಿಳಿಸಿ."

ರಘು ರಜೆ ಹಾಕಿದ. ಸಂಜೆಯಾದ ಮೇಲೆ ಮಗುವಿನ ಪಾರುಪತ್ಯ ಅವನದು ಎಂದು ನಾನೇ ಗೊತ್ತು ಮಾಡಿದೆ. ಒದ್ದೆ ಬಟ್ಟೆ ಬದಲಾಯಿಸಲು ಕಲಿಸಿದೆ. ಮೊದಲ ದಿನ ಅವನು ಮಗುವನ್ನು ಆಫೀಸಿನ ಕಾಗದ ಸುತ್ತಿದ ಹಾಗೆ ಸುತ್ತಿದ್ದ. ಹಗಲು ನಾನು, ನಾನು ಹೊರಟ ಮೇಲೆ ಅವನು. ವಿಶಾಲಮ್ಮನವರಿಗೆ ರಘು ಎಲ್ಲ ಹೇಳಿದ. ಅವರು ಒಪ್ಪಲಿಲ್ಲ. "ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿಲ್ಲ. ಬಾಣಂತನ ಸರಿಯಾಗ್ಲಿಲ್ಲ, ಅಷ್ಟೆ. ಎಸಿ ಹಾಕಿದ್ರಲ್ಲ, ಶೀತ ತಲೆಗೇರಿದೆ" ಎಂದರು. ಆ ಮಾತು ನನ್ನನ್ನು ಕುರಿತದ್ದು. ನಾನು ಸೌಟು ತಿರುಗಿಸುತ್ತ ಇದ್ದೆ.

ದಿನ ಕಳೆಯಿತು. ಇದು ಬಹಳ ಬೇಸರದ ಕಾಲ ಪ್ರಮೀಳಾ, ಇದನ್ನು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಬಾಗಿಲು ಬಡಿದು ಒಳಗಿನ ಹೆಜ್ಜೆಯ ಸದ್ದಿಗೆ ಕಿವಿಗೊಡುತ್ತಿದ್ದೆ. ರಘು ಬಾಗಿಲು ತೆಗೆದು "ಮಲಗಿದಾಳೆ" ಎಂದ ಮೇಲೆ ಚಪ್ಪಲಿ ಬಿಡುತ್ತಿದ್ದೆ. ಎಣ್ಣೆ ತಿಕ್ಕುವುದು, ನೀರು ಹೊಯ್ಯುವುದು, ತಲೆ ಕಟ್ಟುವುದು. ಸದ್ದಿಲ್ಲ. "ತಿನ್ನಲು ಎಂತ ಮಾಡಲಿ?" ಎಂದರೆ "ಏನೂ ಬೇಡ." ನಿದ್ದೆ ಮಾತ್ರ ಸ್ವಲ್ಪ ಸ್ವಲ್ಪ ಬರತೊಡಗಿತು. ಒಂದು ದಿನ ಕಿವಿಯ ಹತ್ತಿಯನ್ನು ತಾನೇ ತೆಗೆದು ಕಸದ ಬುಟ್ಟಿಗೆ ಹಾಕಿದ್ದು ನೋಡಿದೆ. ನೋಡಿಯೂ ನೋಡದ ಹಾಗೆ ಇದ್ದೆ.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ. ಮಗು ಮಲಗಿತ್ತು. ನಾನು ಅಡುಗೆಮನೆಯ ನೆಲದಲ್ಲಿ ಕೂತು ನನ್ನ ಊಟ ಮಾಡುತ್ತಿದ್ದೆ. ನನ್ನದು ಕುಚ್ಚಲಕ್ಕಿ ಅನ್ನ, ಮೇಲೆ ಮೊಸರು, ಬದಿಯಲ್ಲಿ ಮಾವಿನ ಉಪ್ಪಿನಕಾಯಿ. ಸಹನಾ ನೀರು ಕುಡಿಯಲು ಬಂದವಳು ಲೋಟ ಹಿಡಿದುಕೊಂಡು ನನ್ನ ತಟ್ಟೆಯನ್ನೇ ನೋಡುತ್ತ ನಿಂತಳು.

"ಅದೇನು?"

"ಮೊಸರನ್ನ."

"ಇದಾ?"

"ಮತ್ತೆಂತ?"

"ಒಗ್ಗರಣೆ ಎಲ್ಲಿ? ಇದು ಮೊಸರನ್ನ ಅಲ್ಲ ಕಲ್ಯಾಣಮ್ಮ. ಅನ್ನದ ಮೇಲೆ ಮೊಸರು ಬಿದ್ದಿದೆ, ಅಷ್ಟೆ."

ತುತ್ತು ನನ್ನ ಬಾಯಲ್ಲೇ ನಿಂತಿತು. ಹುಳಿ ಹೆಚ್ಚಾದರೂ, ಉಪ್ಪು ಇಲ್ಲದಿದ್ದರೂ ವಾರಗಟ್ಟಲೆ ಏನೂ ಹೇಳದೆ ನುಂಗಿದ ಹುಡುಗಿ ನನ್ನ ಊಟಕ್ಕೆ ಕೊಂಕು ತೆಗೆದಿದ್ದಳು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ತಟ್ಟೆ ತಿರುಗಿಸಿ ಕೂರುತ್ತಿದ್ದೆ.

"ನಮ್ಮ ಕಡೆ ಹೀಗೇ. ನಿಮ್ಮ ಮೈಸೂರಿನ ಹಾಗೆ ಅನ್ನಕ್ಕೆ ಮದುವೆ ಅಲಂಕಾರ ಮಾಡುವುದಿಲ್ಲ" ಎಂದೆ, ಬೇಕೆಂದೇ.

"ಗೊತ್ತಿಲ್ಲ ಅನ್ನಿ ಮತ್ತೆ."

"ಗೊತ್ತಿದ್ದರೆ ನೀನು ಮಾಡಿ ತೋರಿಸು ನೋಡುವ."

ನೀನು ಎಂದು ಬಾಯಿಗೆ ಬಂದದ್ದು ಆಗಲೇ. ಅವಳು ಲೋಟ ಇಟ್ಟಳು. ನನ್ನ ಕುಚ್ಚಲಕ್ಕಿ ಬೇಡವಂತೆ. ತನಗೆಂದು ಮಾಡಿಟ್ಟಿದ್ದ ಬಿಳಿ ಅನ್ನ ತೆಗೆದು, ಹಿಸುಕಿ, ಮೊಸರು ಹಾಕಿ, ಸ್ವಲ್ಪ ಹಾಲೂ ಹಾಕಿದಳು. ಶುಂಠಿ ಹೆಚ್ಚಿದಳು. ಕೈ ನಿಧಾನ. ನಾನು ಏಳಲಿಲ್ಲ, ಸಹಾಯ ಮಾಡಲಿಲ್ಲ. ಒಗ್ಗರಣೆ ಸೌಟು ಒಲೆಗಿಟ್ಟು ಎಣ್ಣೆ ಹಾಕಿದಳು. ಅಷ್ಟರಲ್ಲಿ ಮಸಾಲೆ ಡಬ್ಬಿಗೆ ಒರಗಿದ್ದ ಫೋನು ಬಡಿದುಕೊಂಡಿತು. ಅವಳು ನೋಡದೆಯೇ ಬೆರಳು ತಾಗಿಸಿದಳು.

ವಿಶಾಲಮ್ಮನವರಿಗೆ ಕಂಡದ್ದು ಹೀಗೆ. ಬಾಣಂತಿ ಮಗಳು ಒಲೆಯೆದುರು, ತಲೆಗೆ ಸ್ಕಾರ್ಫಿಲ್ಲ, ಕಿವಿಗೆ ಹತ್ತಿಯಿಲ್ಲ, ಪಕ್ಕದಲ್ಲಿ ಬೋಗುಣಿ ತುಂಬ ಮೊಸರು, ಕೆಲಸದವಳು ನೆಲದಲ್ಲಿ ಕೂತು ಉಣ್ಣುತ್ತಿದ್ದಾಳೆ.

"ಸಹನಾ! ಏನೇ ಇದು? ಮೊಸರಾ? ಯಾರು ಹೇಳಿದ್ದು ನಿಂಗೆ ಒಲೆ ಹತ್ರ ಹೋಗು ಅಂತ? ಶೀತ ಆಗಿ... ಕಲ್ಯಾಣಮ್ಮಾ! ಏನ್ರೀ ನೋಡ್ತಾ ಕೂತಿದೀರ?"

ನನ್ನ ಕೆಲಸ ಹೋಯಿತು ಎಂದುಕೊಂಡೆ. ನಾಳೆ ಮಗು ಒಂದು ಸಲ ಸೀನಿದರೆ ನನ್ನ ಹೆಸರು ದೋಹಾ ತುಂಬ. ಆದರೂ ಕೂತಲ್ಲೇ ಇನ್ನೊಂದು ತುತ್ತು ಕಲಸಿದೆ.

ಸಹನಾ ಬಾಯಿ ತೆರೆದಳು. "ಅಮ್ಮಾ, ಸುಮ್ನಿರಮ್ಮ. ಸಾಸಿವೆ ಸಿಡೀತಿದೆ, ಕೇಳಿಸ್ತಿಲ್ಲ."

ಫೋನಿನಿಂದ ಮಾತೇ ಇಲ್ಲ. ಕೆಟ್ಟುಹೋಯಿತೇ ಎಂದು ನಾನು ಕತ್ತು ಚಾಚಿ ನೋಡಿದೆ. ವಿಶಾಲಮ್ಮ ಅಲ್ಲೇ ಇದ್ದರು. ಮಗಳು ಬೈದಳಲ್ಲ, ಅದನ್ನು ಅವರು ಕೇಳಿಸಿಕೊಳ್ಳುತ್ತಿದ್ದರು. ಅವಳು ಅವರ ಮಾತಿಗೂ ಎಷ್ಟು ದಿನದಿಂದ ಬರೀ ಹೂಂ ಎನ್ನುತ್ತಿದ್ದಳು ಎಂಬುದು ನನಗೆ ಹೊಳೆದದ್ದು ಆಗ.

ಕಡೆಗೆ ಸಣ್ಣ ದನಿಯಲ್ಲಿ ಕೇಳಿದರು, "ಶುಂಠಿ ಹಾಕಿದ್ಯಾ?"

"ಹಾಕ್ದೆ."

"ಇಂಗು?"

"ಹಾಕ್ದೆ ಅಮ್ಮ."

"ಹಸಿಮೆಣಸಿನಕಾಯಿ ಜಾಸ್ತಿ ಹಾಕ್ಬೇಡ, ಮಗೂಗೆ..." ಮಾತು ಮುಗಿಯಲಿಲ್ಲ. ಫೋನಿನಲ್ಲಿ ಮೈಸೂರಿನ ಮನೆಯ ಚಾವಣಿ, ತಿರುಗುವ ಫ್ಯಾನು ಕಂಡಿತು. ಮೂಗು ಸೀಟುವ ಸದ್ದು ಕೇಳಿತು. ಮೊಸರು ಮುಟ್ಟಿದ್ದು ಮಗಳು, ಶೀತವಾದದ್ದು ತಾಯಿಗೆ.

ಸಹನಾ ನಿಂತಲ್ಲೇ ಬೋಗುಣಿಯಿಂದ ತಿಂದಳು. ಚಮಚ ಬೇಡ, ಕೈಯಲ್ಲೇ. ನನಗೂ ಒಂದು ಹಿಡಿ ಹಾಕಿದಳು. "ಹೇಗಿದೆ?" ಎಂದಳು. "ಪರವಾಗಿಲ್ಲ" ಎಂದೆ. ನಿಜಕ್ಕೂ ಚೆನ್ನಾಗಿತ್ತು. ಆದರೆ ಹೊಗಳಿದರೆ ಜಗಳ ನಿಂತುಹೋಗುತ್ತಿತ್ತು. ಆ ದಿನ ವ್ಯಾನಿನಲ್ಲಿ ಕರಕ್ ಕುಡಿಯುವಾಗ ಹಮೀದ್ ಕನ್ನಡಿಯಲ್ಲಿ ನೋಡಿ, "ಇವತ್ತೂ ಬೆವರಾ ಕಲ್ಯಾಣಕ್ಕ?" ಎಂದ. "ರಸ್ತೆ ನೋಡಿ ಓಡಿಸು" ಎಂದೆ.

ಅಂದೇ ಎಲ್ಲ ಸರಿಹೋಯಿತೆಂದು ತಿಳಿಯಬೇಡ. ಮಾತ್ರೆ ತಿಂಗಳುಗಟ್ಟಲೆ ನಡೆಯಿತು. ನಡುವೆ ಕೆಟ್ಟ ದಿನಗಳೂ ಬಂದವು, ಡಾಕ್ಟರಮ್ಮನ ಹತ್ತಿರ ಮತ್ತೆ ಮತ್ತೆ ಹೋದರು. ಮೊಸರನ್ನದಿಂದ ಕಾಯಿಲೆ ಗುಣವಾಗುತ್ತದೆ ಎಂದು ನಾನು ಎಲ್ಲಿಯೂ ಬರೆದಿಲ್ಲ, ನೀನು ಹಾಗೆ ಹೇಳಿಕೊಂಡು ತಿರುಗಬೇಡ. ಗುಣ ಮಾಡುವುದು ಡಾಕ್ಟರು. ಗುಣವಾಗುತ್ತಿದೆ ಎಂಬುದು ಮೊದಲು ಕಾಣುವುದು ಮಾತ್ರ ನಮಗೆ, ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ. ಬಾಣಂತಿ ಸಾರಿಗೆ ಉಪ್ಪು ಕಡಿಮೆ ಎಂದು ಬೈದರೆ ಬೇಸರಿಸಬೇಡ. ಏನು ಕೊಟ್ಟರೂ ಸುಮ್ಮನೆ ತಿಂದರೆ ಯಾರಿಗಾದರೂ ಫೋನು ಮಾಡು.

ಮೊಸರನ್ನದ ಮರುದಿನ ಬೆಳಿಗ್ಗೆಯದನ್ನು ಹೇಳಿ ಮುಗಿಸುತ್ತೇನೆ. ಎಂದಿನ ಹಾಗೆ ಎಣ್ಣೆ ತಿಕ್ಕಿದೆ, ಸ್ಟೂಲಿನ ಮೇಲೆ ಕೂರಿಸಿದೆ. ನೀಲಿ ನಲ್ಲಿಯಿಂದ ಬಿಸಿ, ಕೆಂಪು ನಲ್ಲಿಯಿಂದ ತಂಪು ಬಿಟ್ಟು ಬೆರೆಸಿ, ಮೊಣಕೈ ಅದ್ದಿ ನೋಡಿ, ಮೊದಲ ಚೊಂಬು ಬೆನ್ನಿಗೆ ಹೊಯ್ದೆ.

"ಹಾ" ಎಂದಳು.

ನನ್ನ ಕೈಯ ಚೊಂಬು ಬಕೆಟ್ಟಿನ ಅಂಚಿಗೆ ತಾಗಿ ಠಣ್ ಎಂದಿತು. ಹೊರಗೆ ರಘುವಿನ ಹೆಗಲ ಮೇಲೆ ಮಗು ರಾಗ ತೆಗೆಯುತ್ತಿತ್ತು. ಸಹನಾ ಕತ್ತು ಹೊರಳಿಸಿ ಬಾಗಿಲಿನ ಕಡೆ ಕಿವಿಗೊಟ್ಟಳು.

"ಬೇಗ ಹುಯ್ರಿ ಕಲ್ಯಾಣಮ್ಮ. ಪಾಪು ಅಳ್ತಿದಾಳೆ."

"ಅಳಲಿ, ಅಪ್ಪ ಇದ್ದಾನೆ. ನೀನು ಕೂತ್ಕೋ" ಎಂದು ಎರಡನೆಯ ಚೊಂಬು ಹೊಯ್ದೆ.